ನೊರೆಯ ಮೇಲೊಂದು ಕಣಗಿಲೆ

ಎರಡು ಸಾವಿರದ ಇಸವಿಯ ಮೊದಲ ದಿನ, ಸಂಜೆ ಆರು ನಲವತ್ತಕ್ಕೆ, ವೆಸ್ಟ್ ಮಾಂಬಲಂನ ನಮ್ಮ ಫ್ಲಾಟುಗಳ ತಾರಸಿಯ ಮೇಲೆ ನನ್ನ ತಂಗಿ ವೀಣಾ ಒಂದು ಗಾಜಿನ ಲೋಟವನ್ನು ತಲೆಯೆತ್ತಿ ಬರಿದುಮಾಡಿ, ತಳದಲ್ಲಿ ಉಳಿದಿದ್ದ ಹೂವನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡು ಅಗಿದಳು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ನನ್ನ ಜಾಣತನ ಕಾರಣವಲ್ಲ. ತಾಂಬರಂ ಕಡೆಯಿಂದ ಬರುವ ಎಲೆಕ್ಟ್ರಿಕ್ ಟ್ರೈನು ತಡವಾಗಿ, ಮೆಟ್ಟಿಲು ಹತ್ತುತ್ತ ಕೈಗಡಿಯಾರ ನೋಡಿ ಶಪಿಸಿಕೊಳ್ಳುತ್ತಲೇ ತಾರಸಿಯ ಬಾಗಿಲು ದಾಟಿದ್ದೆ, ಅಷ್ಟೆ. ಆ ಗಳಿಗೆಯನ್ನು ಅಂದಿನಿಂದ ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಪ್ರತಿ ಸಲವೂ ನಾನು ಬಾಗಿಲಲ್ಲಿ, ಅವಳ ಬೆರಳು ತುಟಿಯಲ್ಲಿ.

ಆ ಪಾನೀಯದ ಕತೆಯನ್ನು ಮೊದಲು ಹೇಳಿಬಿಡಬೇಕು. ಅದನ್ನು ಮಾಡಿದವನು ಮೂರನೆಯ ಮಹಡಿಯ ಶ್ರೀವತ್ಸ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆನಿಂತ ವೈಷ್ಣವರ ಮನೆಯ ಹುಡುಗ, ಪೆರುಂಗುಡಿಯ ಆಫೀಸಿನಲ್ಲಿ ವೀಣಾಳ ಸಹೋದ್ಯೋಗಿ. ಹಿಂದಿನ ರಾತ್ರಿಯೆಲ್ಲ ಇವರಿಬ್ಬರೂ ಆಫೀಸಿನಲ್ಲಿ ಕಾವಲು ಕೂತಿದ್ದರು, ಶತಮಾನ ಮಗುಚಿಕೊಂಡ ಕೂಡಲೇ ಲೋಕದ ಕಂಪ್ಯೂಟರುಗಳೆಲ್ಲ ತಲೆತಿರುಗಿ ಬೀಳುತ್ತವೆಂಬ ಭಯಕ್ಕೆ. ಯಾವುದೂ ಬೀಳಲಿಲ್ಲ. ಬೀಳದೇ ಇದ್ದದ್ದಕ್ಕೆ ಸಂಭ್ರಮ ಬೇಕಲ್ಲ, ಅದಕ್ಕೇ ಈ ಪಾರ್ಟಿ. ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ, ಪ್ಯಾರಿಸ್ಸಿನಲ್ಲೋ ಮತ್ತೆಲ್ಲೋ ಜನ ಹಬ್ಬಕ್ಕೆ ಹೂವಿನ ಘಮದ ನೊರೆಯುವ ಕಾಕ್‌ಟೇಲ್ ಕುಡಿಯುತ್ತಾರೆಂದು ಅವನು ಓದಿದ್ದನಂತೆ. ಪನ್ನೀರ್ ಗುಲಾಬಿಯ ಎಸಳನ್ನು ಸಕ್ಕರೆಪಾಕದಲ್ಲಿ ನೆನೆಹಾಕಿ ಸೋಸಿ, ನಿಂಬೆ ಹಿಂಡಿ, ಪಾಂಡಿಚೇರಿಯಿಂದ ಯಾರೋ ಬಟ್ಟೆಯ ಮಡಿಕೆಯೊಳಗೆ ಅಡಗಿಸಿ ತಂದ ನೊರೆವೈನನ್ನು ಮೇಲೆ ಸುರಿಯುವುದು. ಕುಡಿಯದ ನಮ್ಮಂಥವರಿಗೆ ಬೇರೆ ಜಗ್, ಅದರಲ್ಲಿ ವೈನಿನ ಬದಲು ಸೋಡಾ. ಕೆಳಗೆ ಮನೆಯಲ್ಲಿದ್ದ ಅವನ ತಾಯಿಗೆ ಎರಡೂ ಜಗ್ಗಿನ ಹೆಸರು ರೋಜಾ ಶರಬತ್ತು.

ಇಲ್ಲಿಯವರೆಗೆ ನನಗೆ ಜಗಳವಿಲ್ಲ. ಗುಲಾಬಿಯನ್ನು ನಾವು ಗುಲ್ಕನ್ನೆಂದು ತಿಂದವರೇ. ಆದರೆ ಪುರವಣಿಯ ಚಿತ್ರದಲ್ಲಿ ಪ್ರತಿ ಲೋಟದ ನೊರೆಯ ಮೇಲೂ ಒಂದು ಇಡೀ ಹೂ ತೇಲುತ್ತಿತ್ತು. ಗುಲಾಬಿಯೆಲ್ಲ ಪಾಕಕ್ಕೆ ಮುಗಿದಿತ್ತು. ಧನುರ್ಮಾಸ, ದೇವರ ಮನೆಯಲ್ಲಿ ಬುಟ್ಟಿ ತುಂಬ ಹೂ. ಶ್ರೀವತ್ಸ ಕೆಳಗಿಳಿದು ತಾಯಿಯ ಪೂಜೆಯ ಬುಟ್ಟಿಯಿಂದ ಎಳೆಗೆಂಪಿನ ಹೂಗಳನ್ನು ಬೊಗಸೆಯಲ್ಲಿ ತಂದು, ತೊಳೆದು, ಲೋಟಕ್ಕೊಂದರಂತೆ ತೇಲಿಬಿಟ್ಟ. ತೊಳೆದನಂತೆ! ಆ ಶುಚಿತ್ವಕ್ಕೆ ನಮೋ ನಮಃ. ಅವು ಕಣಗಿಲೆಯ ಹೂಗಳು.

ಬೇರೆಯವರು ಹೂವನ್ನು ಲೋಟದಲ್ಲೇ ಬಿಟ್ಟರು, ಇಲ್ಲವೇ ತೆಗೆದು ಗೋಡೆಯ ಮೇಲಿಟ್ಟರು. ಕೆಲವರು ಕಿವಿಗೆ ಸಿಕ್ಕಿಸಿಕೊಂಡು ಫೋಟೋ ತೆಗೆಸಿಕೊಂಡರು; ಕಿವಿಯ ಮೇಲೆ ಹೂ ಅಷ್ಟು ಅನ್ವರ್ಥವಾಗಿ ಕೂತದ್ದನ್ನು ನಾನು ಮತ್ತೆ ಕಂಡಿಲ್ಲ. ವೀಣಾ ಮಾತ್ರ ತಿಂದಳು. ನಂಜನಗೂಡಿನ ನಮ್ಮ ಮನೆಯಲ್ಲಿ ತೀರ್ಥದ ಜೊತೆಗೆ ಕೈಗೆ ಬಿದ್ದ ತುಳಸಿಯನ್ನು ನೆಲಕ್ಕೆ ಹಾಕುವಂತಿರಲಿಲ್ಲ, ಉಳಿಸುವಂತಿರಲಿಲ್ಲ. ಅಗಿದು ನುಂಗಿ, ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳಬೇಕು. ಶ್ರೀವತ್ಸ ತಮಾಷೆಗೆ ಅರ್ಚಕರಂತೆ ಬಗ್ಗಿ "ತೀರ್ಥ ತೊಗೊಳ್ಳಿ, ತೀರ್ಥ" ಎನ್ನುತ್ತ ಲೋಟ ಹಂಚಿದ್ದನಂತೆ. ಪೂಜೆಯ ಬುಟ್ಟಿಯ ಹೂವೆಂದು ಹೇಳಿಯೂ ಇದ್ದನಂತೆ. ಅವಳ ಕೈ ಎಂದಿನ ಕೆಲಸ ಮಾಡಿತು. ಪಕ್ಕದವಳು ಬಿಟ್ಟ ಹೂವನ್ನೂ "ಚೆಲ್ಲಬಾರದು ಕಣೆ" ಎಂದು ತಾನೇ ಮುಗಿಸಿದ್ದಳು.

ನಾನು ಸಸ್ಯಶಾಸ್ತ್ರ ಓದಿದವಳು. ಓಡಿಹೋಗಿ ಅವಳ ದವಡೆ ಹಿಡಿದು, ಉಗಿ ಎಂದೆ. ಉಗಿಯಲು ಏನೂ ಉಳಿದಿರಲಿಲ್ಲ. ತಾರಸಿಯ ಮೇಲಿದ್ದವರು ನಕ್ಕರು.

"ಅಕ್ಕಾ, ನ್ಯೂ ಇಯರ್ ಅದುವುಮಾ ಬಾಟನಿ ಕ್ಲಾಸಾ?" ಎಂದ ಶ್ರೀವತ್ಸ, ಹೊಸ ವರ್ಷದ ದಿನವೂ ಪಾಠವೇ ಎಂಬರ್ಥದಲ್ಲಿ. "ಎಲ್ಲಾ ನ್ಯಾಚುರಲ್. ಕಲರ್ ಕೂಡ ಹಾಕಿಲ್ಲ."

"ಅದು ವಿಷ ಕಣಯ್ಯಾ. ಆಟೋ ಕರೆಸು."

"ಸ್ವಾಮಿಗೆ ಏರಿಸೋ ಹೂ ತಾನೇ?" ಗಲಾಟೆ ಕೇಳಿ ಮೇಲೆ ಬಂದ ಅವನ ತಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು. "ಅವನಿಗೆ ಆಗದೇ ಇರೋದು ಇವಳಿಗೆ ಏನಾಗತ್ತೆ? ಸ್ವಲ್ಪ ಮೋರು ಕುಡೀಲಿ, ಎಲ್ಲಾ ಸರಿಯಾಗಿ ಹೋಗತ್ತೆ."

ಮೋರು ಎಂದರೆ ಮಜ್ಜಿಗೆ. ಆ ಮಜ್ಜಿಗೆ ಬೇಕೋ ಬೇಡವೋ ಎಂದು ಪದವೀಧರರ ಒಂದು ತಾರಸಿ ಚರ್ಚಿಸಿತು. ಅಷ್ಟರಲ್ಲಿ ವೀಣಾ ಗೋಡೆಗೆ ಒರಗಿ ವಾಂತಿ ಮಾಡಿದಳು. "ವೈನ್ ಅಭ್ಯಾಸ ಇಲ್ಲ ಪಾವಂ" ಎಂದು ಮರುಗಿದರು ಯಾರೋ, ಅವಳು ಕುಡಿದದ್ದು ಸೋಡಾದ ಜಗ್ಗಿನಿಂದ ಎಂಬುದನ್ನು ಕೇಳದೆ. ನಾನು ಅವಳ ಮಣಿಕಟ್ಟು ಹಿಡಿದೆ. ನಾಡಿ ಒಂದು ಸಲ ಬಡಿದು, ಮತ್ತೆ ಬಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು. ಗೆಳೆಯರೇ, ನಾನು ಬದುಕಿನಲ್ಲಿ ಕೇಳಿದ ಅತಿ ಭಯಂಕರ ಮೌನ ಆ ಎರಡು ಬಡಿತಗಳ ನಡುವಿನದು.

ಆಸ್ಪತ್ರೆಯ ಯುವ ಡಾಕ್ಟರು ಹೂವಿನ ಹೆಸರು ಕೇಳಿದ ಕೂಡಲೇ ಎದ್ದು ನಿಂತರು. ಅವರು ಎದ್ದು ನಿಂತ ರೀತಿಯಲ್ಲೇ ನನಗೆ ಎಲ್ಲ ಗೊತ್ತಾಯಿತು. ಅವಳ ಎದೆಗೆ ತಂತಿ ಅಂಟಿಸಿ, ಕಪ್ಪು ಇದ್ದಿಲಿನ ನೀರು ಕುಡಿಸಿ, ನನ್ನನ್ನು ಹೊರಗೆ ನಿಲ್ಲಿಸಿ, ಅವಳ ಕಿವಿಯ ಹತ್ತಿರ ಬಗ್ಗಿ ಮೆತ್ತಗೆ ಕೇಳಿದರು: "ವೀಟ್ಲ ಎದಾವದು ಪ್ರಾಬ್ಲಮಾಮ್ಮಾ? ಭಯಪಡದೆ ಹೇಳು." ಮನೆಯಲ್ಲಿ ಏನಾದರೂ ತೊಂದರೆಯೇ ಎಂದು; ಸಾಯಲೆಂದೇ ತಿಂದಳೆಂಬುದು ಅವರ ಅನುಮಾನ. ಹಬ್ಬದ ಪಾನೀಯದಲ್ಲಿ ಅಲಂಕಾರಕ್ಕೆ ತೇಲಿಬಿಟ್ಟಿದ್ದರೆಂದು ನಾನು ಬಾಗಿಲಿನಿಂದಲೇ ಹೇಳಿದಾಗ ಅವರು ನಂಬಲಿಲ್ಲ. ಓದಿದ ಜನ ಇಷ್ಟು ದಡ್ಡತನ ಮಾಡಬಲ್ಲರೆಂಬುದಕ್ಕಿಂತ ದುಃಖವೇ ಅವರಿಗೆ ನಂಬಲರ್ಹವಾಗಿ ಕಂಡಿತು. ವೀಣಾ ಮಾತ್ರ ಅರೆಗಣ್ಣು ತೆರೆದು, "ಡಾಕ್ಟ್ರೇ, ನಿಮ್ಮ ಕೋಟು ಯಾಕೆ ಹಳದಿ?" ಎಂದಳು, ಮತ್ತೆ ಕಣ್ಣು ಪೂರ್ತಿ ಬಿಟ್ಟು ಅದನ್ನೇ ಕೇಳಿದಳು. ಕೋಟು ಬಿಳಿಯದೇ ಆಗಿತ್ತು, ಹಳದಿ ಬಳಿದದ್ದು ಅವಳ ಕಣ್ಣಿಗೇರಿದ ಆ ವಿಷ.

ಮರುದಿನ ಶ್ರೀವತ್ಸ ನೋಡಲು ಬಂದ. ಕೈಯಲ್ಲಿ ಏನಿತ್ತೆಂದು ಊಹಿಸಿ. ಜಿಲೇಟಿನ್ ಕಾಗದ ಸುತ್ತಿದ ಹೂಗುಚ್ಛ. ಅದನ್ನು ತೀವ್ರ ನಿಗಾ ಘಟಕದ ಬಾಗಿಲಲ್ಲೇ ನರ್ಸ್ ಕಸಿದು ಬುಟ್ಟಿಗೆ ಹಾಕಿದಳು; ಆ ಮಹಾತಾಯಿಯ ನಿಯಮ ಯಾವುದೇ ಇರಲಿ, ನನ್ನ ಆಶೀರ್ವಾದ ಅದಕ್ಕಿದೆ. "ಸಾರಿ ಅಕ್ಕಾ, ಪುರವಣಿಯಲ್ಲಿ ತಿನ್ನೋ ಹೂ ಅಂತ ಮಾತ್ರ ಬರೆದಿತ್ತು, ಯಾವ ಹೂ ಅಂತ ಇರಲಿಲ್ಲ," ಎಂದ. ಆಮೇಲೆ ಆಫೀಸಿನಲ್ಲಿ ಅವಳಿಗೊಂದು ಹೆಸರೂ ಹುಟ್ಟಿತಂತೆ: ಲೋಕದಲ್ಲೆಲ್ಲ ಕೆಡದ ಯಂತ್ರಗಳ ನಡುವೆ ಕೆಟ್ಟ ಒಂದೇ ಯಂತ್ರ ಎಂದು.

ನನ್ನ ಸಿಟ್ಟು ಶ್ರೀವತ್ಸನೊಬ್ಬನ ಮೇಲಲ್ಲ. ನಮ್ಮ ಅಜ್ಜಿಯರೂ ಹೂ ತಿಂದವರು, ಬಾಳೆಯದು, ನುಗ್ಗೆಯದು, ಕುಂಬಳದ್ದು. ಆದರೆ ಯಾವುದು ಬಾಣಲೆಗೆ, ಯಾವುದು ಜಡೆಗೆ, ಯಾವುದು ದೇವರ ಪಾದಕ್ಕೆ ಎಂಬ ಭೇದ ಅವರಿಗಿತ್ತು. ನಾವು ಎರಡು ಮೌಢ್ಯಗಳನ್ನು ಒಂದೇ ಜಗ್ಗಿನಲ್ಲಿ ಕಲಸಿದವರು: ಚಿತ್ರದಲ್ಲಿ ಚೆಂದ ಕಂಡದ್ದೆಲ್ಲ ಕುಡಿಯಬಹುದೆಂಬ ಹೊಸದು, ದೇವರಿಗೆ ಸಂದದ್ದೆಲ್ಲ ನುಂಗಬಹುದೆಂಬ ಹಳೆಯದು. ಹಾಗಿದ್ದರೆ ಕರ್ಪೂರವನ್ನೂ ನುಂಗಬಹುದಲ್ಲ. ದೇವರಿಗೇನು, ಕಲ್ಲಿನ ಎದೆ, ಬಡಿತ ತಪ್ಪುವ ಚಿಂತೆಯಿಲ್ಲ. ನಮ್ಮೂರಿನವನಂತೂ ನಂಜನ್ನೇ ಕುಡಿದು ಜೀರ್ಣಿಸಿಕೊಂಡವನು. ಅದು ಅವನ ಮಹಿಮೆ, ಭಕ್ತರಿಗೆ ಕೊಟ್ಟ ಪರವಾನಗಿಯಲ್ಲ.

ವೀಣಾ ಮನೆಗೆ ಬಂದಳು. ಹೃದಯ ತನ್ನ ತಾಳಕ್ಕೆ ಮರಳಿದೆ, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಭಯವಿಲ್ಲವೆಂಬುದು ಅವಳ ಹೃದಯಕ್ಕೆ ತಿಳಿಯಿತು, ನನ್ನ ಕೈಗೆ ತಿಳಿಯಲಿಲ್ಲ. ದೀಪ ಆರಿದ ಮೇಲೆ ನನ್ನ ಬೆರಳು ತಾನಾಗಿ ಅವಳ ಮಣಿಕಟ್ಟಿಗೆ ಹೋಗಿ ಕೂರುತ್ತಿತ್ತು. ಎರಡು ಬಡಿತಗಳ ನಡುವೆ ನಾನು ಉಸಿರು ಹಿಡಿಯುತ್ತಿದ್ದೆ. ಅವಳು ನಿದ್ದೆ ಮಾಡುವವಳಂತೆ ನಟಿಸುತ್ತ, ನನಗೆ ಸಮಾಧಾನವಾಗಲೆಂದು ಉಸಿರನ್ನು ಬೇಕೆಂದೇ ಜೋರಾಗಿ ಎಳೆಯುತ್ತಿದ್ದಳು. ಕೊನೆಗೊಮ್ಮೆ ತಡೆಯಲಾರದೆ ಕತ್ತಲಲ್ಲಿ, "ಕೈ ತೆಗಿ ಅಕ್ಕ. ನೀನು ಹಿಡ್ಕೊಂಡ್ರೆ ನಂಗೂ ಎಣಿಸೋ ಹಾಗಾಗತ್ತೆ," ಎಂದಳು. ತೆಗೆದೆ. ಆಮೇಲೆ ಇಬ್ಬರೂ ಕೈ ಕಟ್ಟಿಕೊಂಡು ಎಚ್ಚರವಾಗಿದ್ದೆವು.

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಈ ಊರಿನಲ್ಲಿ ನಸುಕಿಗೇ ಹಳೆಯ ಚಾಪೆ ಬುಟ್ಟಿಗಳನ್ನು ಬೀದಿಯಲ್ಲಿ ಸುಡುತ್ತಾರೆ. ಮಕ್ಕಳು ಕಿವಿ ತೂತಾಗುವಂತೆ ತಮಟೆ ಬಾರಿಸುತ್ತ ಮನೆಯಿಂದ ಮನೆಗೆ ಸುತ್ತುತ್ತಾರೆ. ಆ ವರ್ಷವೂ ಸುಟ್ಟರಂತೆ, ಬಾರಿಸಿದರಂತೆ. ನಾನು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಏರಿ, ಕೋಣೆಯಲ್ಲಿ ಹೊಗೆಯ ವಾಸನೆ ತುಂಬಿತ್ತು. ಪಕ್ಕದಲ್ಲಿ ವೀಣಾ ಬಾಯಿ ತೆರೆದು, ನಟನೆಯಿಲ್ಲದೆ, ಅಸಹ್ಯವಾಗಿ ಗೊರಕೆ ಹೊಡೆಯುತ್ತಿದ್ದಳು.