ಪ್ರತಿ ನೋವಿಗೂ ಒಂದು ಉಪವಾಸ

ಜೀಡಿಮೆಟ್ಲಾದ ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಾಗ ನನಗೆ ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು. ದೇವರು ಮುನಿದಿದ್ದಾನೆಂದು ಸೋಮವಾರ ಉಪವಾಸ ಹಿಡಿದೆ. ನೋವು ಹೆಚ್ಚಿತು, ಗುರುವಾರವನ್ನೂ ಹಿಡಿದೆ, ಆಮೇಲೆ ಶನಿವಾರವನ್ನೂ. ಹಗಲೆಲ್ಲ ಏನೂ ಮುಟ್ಟದೆ, ಸಂಜೆ ಹಸಿವು ತಾಳದೆ ಎಣ್ಣೆ ಸೋರುವ ಸಾಬುದಾಣಿ ವಡೆಗಳನ್ನು ತಿನ್ನುತ್ತಿದ್ದೆ. ಒಂದು ಗುರುವಾರ ಕೆಲಸದ ಮೇಜಿನ ಪಕ್ಕದಲ್ಲೇ ಬಿದ್ದು ಹೊರಳಾಡಿದೆ.

ಪಿತ್ತಕೋಶದ ತುಂಬ ಕಲ್ಲು, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಹೊತ್ತುಹೊತ್ತಿಗೆ ಉಣ್ಣದಿದ್ದರೆ ಪಿತ್ತ ಅಲ್ಲೇ ನಿಂತು ಗಟ್ಟಿಯಾಗುತ್ತದೆ ಎಂದು ಗದರಿದರು. ಭಕ್ತಿಯಿಂದ ನಾನೇ ಬೆಳೆಸಿಕೊಂಡ ಕಲ್ಲುಗಳು, ಯಾರನ್ನು ಬೈಯಲಿ?

ಊರಿನಿಂದ ಓಡಿಬಂದ ಅವ್ವ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದಳು. "ಅಂಜಬ್ಯಾಡ ಮಗಳ. ನಿನ್ನ ಸಲುವಾಗಿ ಹನ್ನೊಂದು ಸೋಮವಾರ ಹಿಡದೀನಿ, ಮುಂಜಾನಿಂದ ನೀರು ಸೈತ ಮುಟ್ಟಿಲ್ಲ" ಎಂದಳು. ಅವಳ ಇನ್ನೊಂದು ಕೈ ತನ್ನ ಬಲಪಕ್ಕೆಯನ್ನು ಒತ್ತಿಕೊಂಡಿತ್ತು.