ಮೂಡಣಕ್ಕೆ ಕಾಲು ಚಾಚಿ

ನನ್ನ ಗಂಡ ತೀರಿಕೊಂಡಾಗ ಮನೆಯಲ್ಲಿ ಜಗಳವಾದದ್ದು ಒಂದೇ ವಿಷಯಕ್ಕೆ: ಕೂರಿಸಬೇಕೋ, ಮಲಗಿಸಬೇಕೋ. ಅವರ ಮನೆತನದಲ್ಲಿ ಸತ್ತವರನ್ನು ಕುಣಿಯೊಳಗೆ ಕೂರಿಸಿ, ವಿಭೂತಿ ಪತ್ರಿ ತುಂಬಿ ಮಣ್ಣು ಮಾಡುತ್ತಾರೆ. ಮಾವನವರನ್ನೂ ಹಾಗೆಯೇ ಕೂರಿಸಿದ್ದರು. ಆ ಮನೆಯಲ್ಲಿ ಯೇಸುವನ್ನು ನಂಬಿದವರು ನಾವಿಬ್ಬರೇ, ಗಂಡ ಹೆಂಡತಿ. ಕೊನೆಯ ದಿನ ಸತ್ತವರು ಶರೀರದೊಂದಿಗೆ ಏಳುತ್ತಾರೆ ಎಂಬುದು ನಮ್ಮ ನಂಬಿಕೆ. ಯೇಸು ಮತ್ತೆ ಬರುವುದು ಮೂಡಣದಿಂದ ಎಂದು ಸಭೆಯ ಹಿರಿಯರು ಹೇಳುತ್ತಿದ್ದರು. ಅದಕ್ಕೇ ಪಡುವಣಕ್ಕೆ ತಲೆ, ಮೂಡಣಕ್ಕೆ ಕಾಲು. ಎದ್ದರೆ ಮುಖ ನೇರ ಅತ್ತ ಇರಬೇಕು. ನಾನು ಹಟ ಹಿಡಿದೆ. ಅತ್ತೆ ಕೊನೆಗೆ, "ನಿನ್ನ ಗಂಡ, ನೀ ಹೆಂಗರ ಮಲಗಿಸ್ಕೊ," ಎಂದು ತಾವೇ ಹೊಲಿದ ಕೌದಿಯನ್ನು ಮಗನ ಮೇಲೆ ಹೊದಿಸಿದರು. ಭೀಮಾ ದಂಡೆಯಲ್ಲಿ, ಮಾವನವರ ಪಕ್ಕದಲ್ಲಿ ಅವರನ್ನು ಮಲಗಿಸಿದೆವು.

ಹೋದ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟರು. ಅಗರಖೇಡದ ಸಂತೆಗೆ ಹೋಗಿ ಬಂದವರು ದಂಡೆ ಕುಸಿಯುತ್ತಿದೆ ಎಂದರು. ಹೋಗಿ ನೋಡಿದೆ. ಎರೆಮಣ್ಣು ಹೋಳು ಹೋಳಾಗಿ ನೀರಿಗೆ ಬೀಳುತ್ತಿತ್ತು. ಬೀಳುವ ಮೊದಲು ಸದ್ದಿಲ್ಲ, ಬಿದ್ದ ಮೇಲೆ ಸದ್ದು. ಮಾವನವರ ಕಲ್ಲೂ ಇರಲಿಲ್ಲ, ನಮ್ಮ ಕಟ್ಟಿಗೆಯ ಶಿಲುಬೆಯೂ ಇರಲಿಲ್ಲ. ಸಮಾಧಿಗಳ ಗುರುತಿಗೆ ಎರಡು ತಗ್ಗು ಮಾತ್ರ ಉಳಿದಿದ್ದವು, ದಂಡೆಯ ಅಂಚು ಅವುಗಳ ಹತ್ತಿರಕ್ಕೇ ಬಂದಿತ್ತು.

ಇಂಡಿಯಲ್ಲಿರುವ ಪಾಸ್ಟರಿಗೆ ಫೋನು ಮಾಡಿದೆ. "ಅಕ್ಕಾರ, ಹೊಳಿ ಒಯ್ದ್ರೂ ಅವ್ರು ದೇವರ ಕೈಯಾಗ ಅದಾರ್ರಿ. ಅಂಜಬ್ಯಾಡ್ರಿ," ಎಂದರು. ಹೌದ್ರಿ ಎಂದೆ. ಅದು ನನಗೂ ಗೊತ್ತಿತ್ತು. ಆದರೆ ಕಣ್ಣ ಮುಂದೆ ಬರುತ್ತಿದ್ದದ್ದು ಹೊಳೆಯ ತಿರುವುಗಳಲ್ಲಿ ಜಾಲಿ ಮುಳ್ಳಿಗೆ ಸಿಕ್ಕಿಕೊಳ್ಳುವ ಕಸ.

ಅತ್ತೆಗೆ ಹೇಳಿದೆ. "ನಿಮ್ಮ ದೇವರು ಮಣ್ಣಾಗಿಂದ ಎಬ್ಬಸ್ತಾನಂತಿ. ನೀರಾಗಿಂದ ಎಬ್ಬಸಾಕ ಅವಗ ಈಜು ಬರೂದಿಲ್ಲೇನು?" ಎಂದರು. ಹಾಗೆ ಅನ್ನುತ್ತಲೇ ಟ್ರಂಕಿನಿಂದ ಹೊಸ ಧೋತರ ತೆಗೆದರು. ಮೈದುನನನ್ನು ಕೂಗಿ, ಹೊಳೆ ಒಯ್ಯುವ ಮೊದಲು ಅಣ್ಣನನ್ನು ತೆಗೆಯೋಣ, ಸಲಿಕೆ ತಾ ಎಂದರು.

ಬೆಳಗಿನ ಹೊತ್ತು, ಮೋಡ ಕವಿದಿತ್ತು. ಮೈದುನ ಎರಡು ತಗ್ಗುಗಳ ನಡುವೆ ನಿಂತು, "ವೈನಿ, ಯಾವ್ದ್ರಿ?" ಎಂದು ಕೇಳಿದ. ಹೊಳೆಗೆ ಹತ್ತಿರವಿದ್ದದ್ದನ್ನು ತೋರಿಸಿದೆ. ಅದೇ ಎಂದು ನನಗೆ ಪೂರ್ತಿ ಖಾತ್ರಿ ಇತ್ತು.

ಅವನು ಅಗೆಯುತ್ತ ಸೊಂಟದ ಮಟ್ಟ ಇಳಿದ. ಆಮೇಲೆ ಸಲಿಕೆ ಬದಿಗಿಟ್ಟು ಕೈಯಿಂದ ಮಣ್ಣು ಸರಿಸತೊಡಗಿದ. ದುಂಡಗಿನದೊಂದು ಕಂಡಿತು. ನಾನು ಬಗ್ಗಿ ನೋಡಿದೆ. ಹಣೆ ಕಂಡಿತು, ಅದರ ಕೆಳಗೆ ಕಣ್ಣಿನ ಗೂಡುಗಳು. ಮಲಗಿದವರ ತಲೆ ಹಾಗಿರುವುದಿಲ್ಲ. ಅದು ನೆಟ್ಟಗಿತ್ತು, ನನ್ನ ಕಡೆಗೇ ಮುಖ ಮಾಡಿತ್ತು.

ಎದ್ದು ಕೂತಿದ್ದಾರೆ ಎಂದುಕೊಂಡೆ.

ಎಷ್ಟು ಹೊತ್ತು ಹಾಗೆ ಅಂದುಕೊಂಡೆ ಎಂದು ಹೇಳಲಾರೆ. ರೆಪ್ಪೆ ಮುಚ್ಚಿ ತೆಗೆಯುವಷ್ಟಿರಬಹುದು. ಮಾವನವರನ್ನು ಕೂರಿಸಿದ್ದು ನನಗೆ ಗೊತ್ತಿತ್ತು, ಆ ದಿನ ನಾನೂ ಅಲ್ಲಿದ್ದೆ. ಆ ಗಳಿಗೆಯಲ್ಲಿ ಅದು ನೆನಪಿಗೆ ಬರಲಿಲ್ಲ. ಪ್ರತಿ ಭಾನುವಾರ ಸಭೆಯಲ್ಲಿ ಎದ್ದು ನಿಂತು, ಸತ್ತವರು ಏಳುತ್ತಾರೆ ಎಂದು ಬಾಯಿ ತುಂಬ ಹೇಳಿ, ಕಾದ ದಿನ ಬಂದೇಬಿಟ್ಟಿತು ಎಂದು ಮೈಯೆಲ್ಲ ನಂಬಿತು. ಆದರೆ ಬಾಯಿಂದ ಬಂದದ್ದು ಸ್ತೋತ್ರವಲ್ಲ. "ಬ್ಯಾಡ್ರಿ, ಏಳಬ್ಯಾಡ್ರಿ," ಎಂದೆ. ಗಂಡನಿಗೇ ಹೇಳಿದೆ.

ಅತ್ತೆ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿ ತಾವು ಬಗ್ಗಿದರು. ನೋಡಿದವರೇ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು, ಮಾವನವರು ಹೊರಗಿನಿಂದ ಬಂದಾಗ ಎಳೆದುಕೊಳ್ಳುತ್ತಿದ್ದ ಹಾಗೆಯೇ.

"ನಿಮ್ಮಪ್ಪ ಅದಾರೋ. ಮುಚ್ಚು."

ಮೈದುನ ಕೈ ಮುಗಿದ. "ಇವ್ರನ್ನೂ ತಗದು ಮ್ಯಾಲ ಒಯ್ಯೂಣೇನಬೇ?"

"ಅವ್ರು ಹೋದ ದಿನಾನ ಶಿವನ್ನ ಮುಟ್ಟ್ಯಾರ. ಹೊಳಿ ಬಂದ್ರ ಬರ್ಲಿ. ಕಾಯ್ಕೊಂತ ಮಲಗಿದಾಂವ ಇಕಿ ಗಂಡ ಒಬ್ಬಾಂವ. ಅವನ್ನ ತಗಿ."

ಎರಡನೆಯ ತಗ್ಗಿನಲ್ಲಿ ಮೊದಲು ಸಿಕ್ಕಿದ್ದು ಕೌದಿ. ಹತ್ತಿಯ ತುಂಡುಗಳೆಲ್ಲ ಮಣ್ಣಾಗಿದ್ದವು. ಅತ್ತೆಯ ಹಳೆಯ ನೈಲಾನ್ ಸೀರೆಯ ಹಸಿರು ತುಂಡುಗಳು ಮಾತ್ರ ಹೊಸದರಂತೆ ಇದ್ದವು. ಕುಣಿಗೆ ಇಳಿದವರು ಅತ್ತೆ. ಮೇಲೆ ನಿಂತು ನಾನು ಧೋತರದ ಚುಂಗು ಹಿಡಿದಿದ್ದೆ. ಕಣ್ಣು ಚುಂಗಿನ ಮೇಲೆಯೇ ಇತ್ತು. ಗಂಟು ಕಟ್ಟಿ ಎತ್ತಿದಾಗ ಬಹಳ ಹಗುರವಿತ್ತು.

ಹೊಳೆಯಿಂದ ದೂರ, ಎತ್ತರದಲ್ಲಿರುವ ನಮ್ಮ ಹೊಲದ ಬದುವಿನಲ್ಲಿ ಮತ್ತೆ ಮಣ್ಣು ಮಾಡಿದೆವು, ಮೂಡಣಕ್ಕೆ ಕಾಲು ಬರುವ ಹಾಗೆ. ಪಾಸ್ಟರು ಬಂದು ಪ್ರಾರ್ಥನೆ ಮಾಡಿದರು. ಅದೇ ವಾರ ದಂಡೆಯ ಆ ಭಾಗ ಹೊಳೆಗೆ ಹೋಯಿತು. ಮಾವನವರೂ ಹೋದರು.

ನನ್ನ ನಂಬಿಕೆ ಹೋಗಿಲ್ಲ. ಹೋಗಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ಅವರು ಏಳುತ್ತಾರೆ. ಎದ್ದವರು, ಆ ದಿನ ನಾನು ಅಂದ ಮಾತು ಕೇಳಿಸಿತ್ತು ಎಂದರೆ?

ಪುನರುತ್ಥಾನದ ಹಬ್ಬದ ನಸುಕಿನಲ್ಲಿ ಸಮಾಧಿಗೆ ಹೋಗುವುದು ನಮ್ಮ ರೂಢಿ. ಪ್ರತಿ ವರ್ಷ ನಾನು ಅವರ ಕಾಲ ಕಡೆ ನಿಲ್ಲುತ್ತಿದ್ದೆ. ಎದ್ದರೆ ನಾನು ಮೊದಲು ಕಾಣಬೇಕೆಂಬ ಆಸೆ. ಈ ವರ್ಷ ಮೇಣದ ಬತ್ತಿ ಹಚ್ಚಿ ಹೋಗಿ ತಲೆಯ ಕಡೆ ನಿಂತೆ.

ಅತ್ತೆ ಹೂವು ಹಿಡಿದು ಬಂದಿದ್ದರು. "ಯಾಕ, ಈ ಸಲ ಆ ಕಡೆ ನಿಂತಿ?"

"ಬಿಸಲು ಕಣ್ಣಿಗೆ ಬಡೀತೈತ್ರಿ ಅತ್ತಿ."

"ನೀ ನಿಂತ ಕಡೇನ ಬಡಿಯೂದಲ್ಲೇನ, ಹುಚ್ಚಿ."

ಹೊತ್ತು ಇನ್ನೂ ಹುಟ್ಟಿರಲಿಲ್ಲ. ನಾನು ಬತ್ತಿಯನ್ನು ಮಣ್ಣಿನಲ್ಲಿ ಊರಿದೆ. ಅವರು ನನ್ನನ್ನು ನೋಡಿದರು. ಹೂವನ್ನು ಸಮಾಧಿಯ ಮೇಲಿಟ್ಟು, ಮೊಣಕಾಲು ಹಿಡಿದುಕೊಂಡು, ಕಾಲ ಕಡೆ ಹೋಗಿ ನೆಲದ ಮೇಲೆ ಕೂತರು.

"ಹಂಗಾರ ನಾ ಕುಂದರ್ತೇನಿ. ಎದ್ದ ಅಂದ್ರ ಯಾರದರ ಮಖಾ ಕಾಣಬೇಕಲ್ಲ ಅವಗ."