ಜೋಡಿಗೆ ಬಂದ ಆಯಿ

ಸುರಪುರಕ್ಕೆ ವರ್ಗವಾಗಿ ಬಂದಾಗ ನನಗೆ ನಲವತ್ತು ದಾಟಿತ್ತು. ಮದುವೆ ಆಗಿರಲಿಲ್ಲ, ಆಗುವ ಇರಾದೆಯೂ ಇರಲಿಲ್ಲ. ಹತ್ತಿಕುಣಿಯಲ್ಲಿ ಅಣ್ಣಂದಿರ ಮನೆಯಲ್ಲಿ ಸ್ನಾನಕ್ಕೂ ಸರದಿ ಕಾದವಳಿಗೆ ಒಂದು ಅಡುಗೆಮನೆ, ಒಂದು ಖೋಲಿ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ ಸಿಕ್ಕರೆ ಸಾಕಿತ್ತು.

ಈಗ ಇಂಥ ಖೋಲಿಗಳಿಗೆ ಬರವಿಲ್ಲ. ನರ್ಸು, ಮಾಸ್ತರು, ಬ್ಯಾಂಕಿನವರು ಅಂತ ಒಬ್ಬೊಬ್ಬರೇ ಇರುವವರು ಎಷ್ಟು ಹೆಚ್ಚಿದ್ದಾರೆಂದರೆ, ಜನ ದನದ ಕೊಟ್ಟಿಗೆಗೂ ಟೈಲ್ಸ್ ಹಾಕಿಸಿ ಬಾಡಿಗೆಗೆ ಕೊಡುತ್ತಾರೆ. ನನ್ನದೂ ಅಂಥದ್ದೇ. ಆದರೆ ಖೋಲಿ ಕೊಡುವುದು ಬೇರೆ, ಹೆಂಗಸನ್ನು ಅದರಲ್ಲಿ ಒಬ್ಬಳೇ ಇರಲು ಬಿಡುವುದು ಬೇರೆ.

ಮಾಲೀಕರ ಮನೆ ಹಿಂದಿನ ಓಣಿಯಲ್ಲಿತ್ತು. ಮಾಲೀಕರ ಹೆಂಡತಿ ಮೊದಲ ದಿನವೇ ಕೇಳಿದಳು: "ಜೋಡಿಗೆ ಯಾರ ಅದಾರ್ರಿ?"

"ಯಾರೂ ಇಲ್ರಿ."

"ಅಯ್ಯ, ಹೆಂಗ ಮಕ್ಕೊಂತೀರಿ?"

ಚಾಪೆ ಹಾಸಿಕೊಂಡು ಎನ್ನಬೇಕೆನಿಸಿತು, ಅನ್ನಲಿಲ್ಲ. ಅವತ್ತು ಸಂಜೆಯೇ ಅವಳ ಅತ್ತೆ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ, ಕಂಕುಳಲ್ಲಿ ಕೌದಿ ಇಟ್ಟುಕೊಂಡು ಬಂದಳು. ಹೆಣ್ಣುಮಗಳು ಒಂಟಿಯಾಗಿರುವ ಮನೆಗೆ ರಾತ್ರಿ ಜೋಡಿಗೆ ಮಲಗಲು ಯಾರನ್ನಾದರೂ ಕಳಿಸುವುದು ನಮ್ಮ ಕಡೆಯ ರೂಢಿ. ಕೇಳಿ ಕಳಿಸುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಮದುವೆ ಯಾಕಾಗಲಿಲ್ಲ ಎಂದು ಇನ್ನು ಈ ಮುದುಕಿಗೂ ಹೇಳಬೇಕಲ್ಲ ಎಂದು ಮುಖ ಗಂಟಿಕ್ಕಿಕೊಂಡೆ. ಆಯಿ ಏನೂ ಕೇಳಲಿಲ್ಲ. ಗೋಡೆಗೊರಗಿ, ಕಾಲು ಚಾಚಿ ಸುಮ್ಮನೆ ಕುಳಿತಳು. ಮರುದಿನವೂ ಅಷ್ಟೇ. ಕೊನೆಗೆ ನಾನೇ ತಡೆಯಲಾರದೆ ಕೇಳಿದೆ: "ಯಾಕಾಯಿ, ಮಾತೇ ಆಡವಲ್ಲಿ?"

"ಮನ್ಯಾಗ ದಿನಾ ಆಡೇ ಆಡ್ತೀನಿ. ಇಲ್ಲಿ ಯಾರೂ ಇರಂಗಿಲ್ಲಂತ ಬರ್ತೀನವ್ವಾ. ನೀನೊಬ್ಬಾಕಿ ಇರ್ತಿ, ಅಷ್ಟ ತ್ರಾಸು."

ಬಾಡಿಗೆ ಕಟ್ಟುವವಳು ನಾನು, ತ್ರಾಸು ಅವಳಿಗೆ. ಸಿಟ್ಟು ಬರಬೇಕಿತ್ತು, ನಗು ಬಂತು.

ಕಕ್ಕೇರಾದಿಂದ ಮದುವೆಯಾಗಿ ಬಂದ ಮೇಲೆ ಆಯಿ ಒಂದು ದಿನವೂ ಒಬ್ಬಳೇ ಇದ್ದವಳಲ್ಲ. ತವರಲ್ಲೂ ಇರಲಿಲ್ಲವಂತೆ. ಬಾಣಂತಿ ಕೋಣೆಯಲ್ಲೂ ಮಂದಿಯೋ ಮಂದಿ. "ಸಾಯೋದ್ರಾಗ ಒಂದ ದಿನ ಒಬ್ಬಾಕಿನೇ ಇದ್ದು ನೋಡಬೇಕವ್ವಾ" ಎಂದಳು. ಬೇರೆ ಮುದುಕಿಯರು ಕಾಶಿಗೆ ಹೋಗಬೇಕು ಅನ್ನುವಂತೆ ಹೇಳಿದಳು. ನನಗೆ ನಿಜಕ್ಕೂ ಸಂಕಟವಾಯಿತು.

ಪಂಚಮಿಗೆ ಊರಿಗೆ ಹೊರಟಾಗ ಕೀಲಿಕೈ ಅವಳ ಕೈಗಿಟ್ಟೆ. ಖೋಲಿ ಕಾಯುತ್ತೇನೆ ಎಂದು ಮಗನಿಗೆ ಹೇಳಿ ಬಂದಳು. ನಾನು ತಿರುಗಿ ಬಂದು ನೋಡಿದರೆ ಒಳಗೆ ಆಯಿ, ಇಬ್ಬರು ಮೊಮ್ಮಕ್ಕಳು, ಸೊಸೆಯ ತಂಗಿ. ಪಾಪ, ಆಯಿ ಒಬ್ಬಳೇ ಇದ್ದಾಳೆಂದು ಜೋಡಿಗೆ ಕಳಿಸಿದ್ದರು. ಆಯಿಯ ಮುಖ ನೋಡುವ ಹಾಗಿರಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಅವಳನ್ನು ಖೋಲಿಯಲ್ಲೇ ಬಿಟ್ಟು ನಾನು ಮಾಲೀಕರ ಮನೆಗೆ ಹೋದೆ. ಆಯಿಗೆ ಕಣ್ಣು ಮಂಜಾಗಿದೆ, ಯಾದಗಿರಿಗೆ ಕರೆದೊಯ್ದು ತೋರಿಸುತ್ತೇನೆ ಎಂದೆ.

"ಜೋಡಿಗೆ ಯಾರ ಬರ್ಬೇಕ್ರಿ?" ಎಂದಳು ಸೊಸೆ.

"ನಾ ಅದೀನಲ್ರಿ."

ಅದು ಅವಳಿಗೆ ಸರಿ ಅನಿಸಿತು. ಖೋಲಿಗೆ ಮರಳಿ, ಒಳಗೆ ಯಾರೂ ಇಲ್ಲವೆಂದು ಕಾಣಲಿ ಅಂತ ಹೊರಗಿನಿಂದ ಕೀಲಿ ಹಾಕಿದೆ. ಬೇಕಾದರೆ ಹಿತ್ತಲ ಬಾಗಿಲು ತೆಗೆದುಕೋ ಎಂದು ಕಿಟಕಿಯಿಂದ ಹೇಳಿದೆ. ಆಯಿ ಕಿಟಕಿ ಮುಚ್ಚಿದಳು. ಮುಂದಿನ ಬಾಗಿಲಿನ ಒಳಚಿಲಕವನ್ನೂ ಹಾಕಿಕೊಂಡಳು.

ಯಾದಗಿರಿವರೆಗೆ ಹೋಗಿ ಮಾಡುವುದೇನು ಎಂದು ಶಹಾಪುರದಲ್ಲೇ ಇಳಿದೆ. ಚಹಾ ಕುಡಿದೆ, ಮಿರ್ಚಿ ಭಜಿ ತಿಂದೆ, ಕೊಳ್ಳುವ ಮನಸ್ಸಿಲ್ಲದ ಸೀರೆಗಳನ್ನು ಬಿಚ್ಚಿಸಿ ನೋಡಿದೆ, ಮತ್ತೆ ಚಹಾ ಕುಡಿದೆ. ಬಸ್ ಸ್ಟ್ಯಾಂಡಿನಲ್ಲಿ ಮೈಮೇಲೆ ಬೀಳುವಷ್ಟು ಜನ. ಒಬ್ಬಳೇ ಇರಬೇಕೆಂದು ಮನೆ ಮಾಡಿದವಳ ರಜೆ ಹೀಗೆ ಕಳೆಯಿತು.

ಸಂಜೆ ಕೀಲಿ ತೆಗೆದು ಬಾಗಿಲು ಬಡಿದೆ. ಸದ್ದಿಲ್ಲ. ಇನ್ನೊಮ್ಮೆ ಬಡಿದಾಗ ಚಿಲಕ ಸರಿಯಿತು. ಆಯಿ ತಲೆಗೂದಲು ಹರವಿಕೊಂಡು, ಸೆರಗು ಸೊಂಟಕ್ಕೆ ಸುತ್ತಿ ನಿಂತಿದ್ದಳು.

"ಬಸ್ಸು ತಪ್ಪಲಿಲ್ಲೇನು?" ಎಂದಳು.

"ಏನ ಮಾಡಿದಿ ಆಯಿ ಇಡೀ ದಿನ?"

"ಏನೂ ಮಾಡ್ಲಿಲ್ಲವ್ವಾ" ಎಂದು ಬಾಯ್ತುಂಬ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಕಣ್ಣು ತುಂಬಿ ಬಂತು.

ತುರುಬು ಕಟ್ಟಿಸಿ, ಸೆರಗು ಸರಿಮಾಡಿಸಿ ಮನೆಗೆ ಕರೆದುಕೊಂಡು ಹೋದೆ. ಸೊಸೆ ನೀರು ತಂದುಕೊಟ್ಟು ನನ್ನನ್ನು ಕೇಳಿದಳು: "ಡಾಕ್ಟರ ಏನಂದರ್ರಿ?"

ನಾನು ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು:

"ತಿಂಗಳಿಗೊಮ್ಮಿ ಬರ್ಬೇಕಂತ."